ಸೆಗ್ವಿನ್ ಹಲಗೆಯ ಹಿಂದಿದ್ದ ಶಿಕ್ಷಕ

ನಮ್ಮ ಶಿಕ್ಷಣ ಕಾಲೇಜುಗಳ ಮನೋವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿ ಸಾಮಾನ್ಯವಾಗಿ ಒಂದು ಮರದ ಹಲಗೆ ಇರುತ್ತದೆ. ಅದರಲ್ಲಿ ಹತ್ತು ಕುಳಿಗಳು, ಆ ಕುಳಿಗಳಿಗೆ ಸರಿಯಾಗಿ ಕೂರುವ ಹತ್ತು ಬಿಲ್ಲೆಗಳು. ವೃತ್ತ, ಅರ್ಧವೃತ್ತ, ಚೌಕ, ಆಯತ, ತ್ರಿಕೋನ, ಷಟ್ಕೋನ, ವಜ್ರಾಕೃತಿ, ಅಂಡಾಕಾರ, ನಕ್ಷತ್ರ, ಶಿಲುಬೆ. ಮಗುವಿನ ಮುಂದೆ ಬಿಲ್ಲೆಗಳನ್ನು ಜೋಡಿಸಿಟ್ಟು, ಸ್ಟಾಪ್ ವಾಚ್ ಒತ್ತಿ, ಎಷ್ಟು ಸೆಕೆಂಡಿನಲ್ಲಿ ಎಲ್ಲವನ್ನೂ ಕುಳಿಗೆ ಹಾಕಿತು ಎಂದು ನೋಡುತ್ತೇವೆ. ಮೂರು ಸಲ ಮಾಡಿಸಿ, ಅತಿ ಕಡಿಮೆ ಸಮಯವನ್ನು ತೆಗೆದುಕೊಂಡು, ಕೋಷ್ಟಕದಲ್ಲಿ ಮಾನಸಿಕ ವಯಸ್ಸನ್ನು ಹುಡುಕುತ್ತೇವೆ. ಪ್ರಯೋಗ ಪುಸ್ತಕದಲ್ಲಿ ಅಂಕಿ ಬರೆದು ಸಹಿ ಹಾಕಿಸಿಕೊಂಡರೆ ಆ ದಿನದ ಕೆಲಸ ಮುಗಿಯಿತು. ಇದರ ಹೆಸರು ಸೆಗ್ವಿನ್ ಫಾರ್ಮ್ ಬೋರ್ಡ್.

ಈ ಸೆಗ್ವಿನ್ ಯಾರು ಎಂದು ಪ್ರಶಿಕ್ಷಣಾರ್ಥಿಗಳನ್ನು ಕೇಳಿದರೆ, ಬುದ್ಧಿ ಪರೀಕ್ಷೆ ಮಾಡಿದ ಮನೋವಿಜ್ಞಾನಿ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅವರು ಬುದ್ಧಿ ಪರೀಕ್ಷೆ ಮಾಡಿದವರಲ್ಲ. ಫ್ರಾನ್ಸಿನ ಬಿನೆ ಮೊದಲ ಬುದ್ಧಿ ಪರೀಕ್ಷೆಯನ್ನು ಪ್ರಕಟಿಸಿದ್ದು 1905ರಲ್ಲಿ. ಸೆಗ್ವಿನ್ ತೀರಿಕೊಂಡದ್ದು ಅದಕ್ಕೂ 25 ವರ್ಷ ಮೊದಲು. ಅವರು ಶಿಕ್ಷಕರು. ಕಲಿಯಲಾರರೆಂದು ವೈದ್ಯರು ಕೈಬಿಟ್ಟ ಮಕ್ಕಳಿಗೆ ಪಾಠ ಹೇಳಲು ಅವರು ಇಂಥ ಹಲಗೆಗಳನ್ನು ಬಳಸಿದರು. ಕಲಿಸುವುದಕ್ಕೆ ಹುಟ್ಟಿದ ವಸ್ತು ಅಳೆಯುವುದಕ್ಕೆ ಮಾತ್ರ ಉಳಿದದ್ದು ಹೇಗೆ ಎಂಬುದನ್ನು, ಅಭ್ಯಾಸ ಬೋಧನೆಗೆ ಹೊರಡುವವರು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಅವರ ಬದುಕನ್ನು ಇಲ್ಲಿ ಹೇಳುತ್ತಿದ್ದೇನೆ.

ಎದುವಾರ್ ಸೆಗ್ವಿನ್ ಹುಟ್ಟಿದ್ದು 1812ರ ಜನವರಿ 20ರಂದು, ಫ್ರಾನ್ಸಿನ ಕ್ಲಾಮ್ಸಿ ಎಂಬ ಊರಿನಲ್ಲಿ. ಫ್ರೆಂಚರ ಬಾಯಲ್ಲಿ ಅವರ ಹೆಸರು ಸೆಗಾಂ ಎಂದಾಗುತ್ತದೆ. ನಮ್ಮ ತರಗತಿಗಳಲ್ಲಿ ರೂಢಿಯಾದ ಸೆಗ್ವಿನ್ ಎಂಬುದನ್ನೇ ನಾನು ಇಟ್ಟುಕೊಂಡಿದ್ದೇನೆ. ತಂದೆ ವೈದ್ಯರು. ಓಸೇರ್ ಪಟ್ಟಣದಲ್ಲೂ ಆಮೇಲೆ ಪ್ಯಾರಿಸ್ಸಿನಲ್ಲೂ ಅವರ ಓದು ನಡೆಯಿತು. ಯೌವನದಲ್ಲಿ ಸೇಂಟ್ ಸೈಮನ್ ಅವರ ಅನುಯಾಯಿಗಳ ಬಳಗ ಸೇರಿದರು. ಸಮಾಜದಲ್ಲಿ ತೀರ ಕೆಳಗಿರುವವರ ಏಳಿಗೆಗೆ ದುಡಿಯಬೇಕೆಂಬುದು ಆ ಬಳಗದ ನಂಬಿಕೆ. ಅವರ ಮುಂದಿನ ಕೆಲಸದಲ್ಲಿ ಈ ನಂಬಿಕೆಯನ್ನು ಉದ್ದಕ್ಕೂ ಕಾಣಬಹುದು.

ಅವರನ್ನು ಶಿಕ್ಷಕರನ್ನಾಗಿ ಮಾಡಿದವರು ಇಟಾರ್ಡ್. ವಿಶೇಷ ಶಿಕ್ಷಣದ ಪಠ್ಯದಲ್ಲಿ ಈ ಹೆಸರನ್ನು ನಾವೆಲ್ಲ ಓದಿದ್ದೇವೆ. ಅವೆರಾನ್ ಪ್ರದೇಶದ ಕಾಡಂಚಿನಲ್ಲಿ ಸಿಕ್ಕಿ, 1800ರಲ್ಲಿ ಪ್ಯಾರಿಸ್ಸಿಗೆ ಬಂದ ವಿಕ್ಟರ್ ಎಂಬ ಹುಡುಗನಿಗೆ ಇಟಾರ್ಡ್ ಸುಮಾರು ಐದು ವರ್ಷ ಪಾಠ ಹೇಳಿದರು. ಆ ಕಾಲದ ದೊಡ್ಡ ವೈದ್ಯ ಪಿನೆಲ್ ಆ ಹುಡುಗನನ್ನು ಗುಣವಾಗದವನೆಂದು ನಿರ್ಣಯಿಸಿದ್ದರೂ ಇಟಾರ್ಡ್ ಒಪ್ಪಲಿಲ್ಲ. ಹಲಗೆಗೆ ಬಣ್ಣದ ಆಕೃತಿಗಳನ್ನು ಅಂಟಿಸಿ ಅದೇ ಆಕೃತಿಯ ತುಂಡನ್ನು ಅದರ ಮೇಲೆ ಇಡಿಸುವುದು, ಕತ್ತರಿಸಿದ ಅಕ್ಷರಗಳನ್ನು ಹೊಂದಿಸುವುದು, ಇವೆಲ್ಲ ಅಲ್ಲಿ ನಡೆದ ಪಾಠಗಳು. ವಿಕ್ಟರ್‌ಗೆ ಕೆಲವು ಪದಗಳನ್ನು ಓದುವುದು ಬಂತು, ಮಾತು ಬರಲಿಲ್ಲ. ಇಟಾರ್ಡ್ ತಾವು ಸೋತೆವೆಂದು ಭಾವಿಸಿದರು. 1837ರಲ್ಲಿ, ವಯಸ್ಸಾಗಿ ಕಾಯಿಲೆ ಬಿದ್ದಿದ್ದಾಗ, ಬೌದ್ಧಿಕ ಬೆಳವಣಿಗೆ ಕುಂಠಿತವಾಗಿದ್ದ ಒಬ್ಬ ಹುಡುಗನಿಗೆ ಕಲಿಸುವ ಹೊಣೆ ಅವರ ಬಳಿ ಬಂತು. ಅದನ್ನು ಅವರು 25 ವರ್ಷದ ಸೆಗ್ವಿನ್‌ಗೆ ಒಪ್ಪಿಸಿ, ಸಲಹೆ ಕೊಡುತ್ತ ಬಂದರು. ಮರುವರ್ಷವೇ ಇಟಾರ್ಡ್ ತೀರಿಕೊಂಡರು. ಸೆಗ್ವಿನ್ ಮನೋವೈದ್ಯ ಎಸ್ಕಿರೋಲ್ ಅವರ ಮಾರ್ಗದರ್ಶನದಲ್ಲಿ ಆ ಹುಡುಗನ ಪಾಠ ಮುಂದುವರಿಸಿದರು.

ಇಲ್ಲೊಂದು ವಿಚಿತ್ರವಿದೆ. ಇಂಥ ಮಕ್ಕಳ ಸ್ಥಿತಿ ಕಾಯಿಲೆಯಲ್ಲ, ಬದಲಾಗದ ಅವಸ್ಥೆ ಎಂದು ಗ್ರಂಥದಲ್ಲಿ ಬರೆದವರು ಇದೇ ಎಸ್ಕಿರೋಲ್. ಆದರೆ ಹದಿನಾಲ್ಕು ತಿಂಗಳ ಬೋಧನೆಯ ನಂತರ ಹುಡುಗನಲ್ಲಿ ಆದ ಬದಲಾವಣೆಯನ್ನು ವಿವರಿಸುವ ಚಿಕ್ಕ ವರದಿಯ ಮೇಲೆ ಅವರ ಹೆಸರೂ ಸೆಗ್ವಿನ್ ಹೆಸರೂ ಒಟ್ಟಿಗೆ ಇವೆ. ಹೊಸ ಸಿದ್ಧಾಂತವನ್ನು ಮಂಡಿಸಿ ಹಳೆಯದನ್ನು ಎದುರಿಸುವಷ್ಟು ಸ್ಥಾನ ಆ ಯುವಕನಿಗೆ ಇರಲಿಲ್ಲ. ಒಂದು ಮಗುವಿನ ಕಲಿಕೆಯ ದಾಖಲೆಯನ್ನು ಮುಂದಿಟ್ಟರು, ಅಷ್ಟೆ.

1840ರ ಸುಮಾರಿಗೆ ಸೆಗ್ವಿನ್ ಪ್ಯಾರಿಸ್ಸಿನಲ್ಲಿ ಇಂಥ ಮಕ್ಕಳಿಗಾಗಿ ಸ್ವಂತ ಶಾಲೆ ತೆರೆದರು. ಆಮೇಲೆ ಸರ್ಕಾರಿ ಆಶ್ರಯಧಾಮವೊಂದರಲ್ಲಿ, 1842ರಿಂದ ಬಿಸೆತ್ರ್ ಆಸ್ಪತ್ರೆಯಲ್ಲಿ, ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿತು. ಅವರು ಆಗ ವೈದ್ಯರಲ್ಲ. ವೈದ್ಯರ ಆಳ್ವಿಕೆಯ ಆಸ್ಪತ್ರೆಯಲ್ಲಿ ಬರಿಯ ಶಿಕ್ಷಕ. ಸ್ವಭಾವವೂ ಬಾಗುವಂಥದ್ದಾಗಿರಲಿಲ್ಲ. ಆಡಳಿತದವರೊಂದಿಗೆ ಹೊಂದಿಕೆಯಾಗದೆ 1843ರ ಕೊನೆಗೆ ಆ ಹುದ್ದೆ ಕೈತಪ್ಪಿತು. ಅದೇ ಸುಮಾರಿಗೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸಮಿತಿಯೊಂದು ಅವರ ವಿಧಾನವನ್ನು ಪರಿಶೀಲಿಸಿ ಮೆಚ್ಚಿಕೊಂಡಿತು. ಸೆಗ್ವಿನ್ ತಮ್ಮ ಖಾಸಗಿ ಶಾಲೆಯಲ್ಲಿ ಕೆಲಸ ಮುಂದುವರಿಸಿದರು.

ಆ ತರಗತಿಗಳಲ್ಲಿ ಏನು ನಡೆಯುತ್ತಿತ್ತು? ಅಕ್ಷರದಿಂದಲೂ ಅಂಕಿಯಿಂದಲೂ ಅವರು ಪಾಠ ಆರಂಭಿಸುತ್ತಿರಲಿಲ್ಲ. ಮೊದಲು ಮೈ, ಆಮೇಲೆ ಇಂದ್ರಿಯಗಳು, ಆಮೇಲೆ ಕಲ್ಪನೆಗಳು, ಕೊನೆಗೆ ತನ್ನಿಂದ ತಾನೇ ನಡೆಯುವ ಇಚ್ಛಾಶಕ್ತಿ, ಇದು ಅವರ ಕ್ರಮ. ನರವ್ಯೂಹದ ಕೇಂದ್ರವನ್ನು ನೇರವಾಗಿ ಮುಟ್ಟಲಾಗದಿದ್ದರೆ ಸ್ನಾಯು ಮತ್ತು ಇಂದ್ರಿಯಗಳ ದಾರಿಯಿಂದ ಮುಟ್ಟಬಹುದು ಎಂಬುದು ಅವರ ತರ್ಕ. ಅದಕ್ಕೇ ಇದನ್ನು ಶಾರೀರಿಕ ವಿಧಾನ ಎಂದು ಕರೆದರು. ಏಣಿ, ತೂಗುಯ್ಯಾಲೆ, ಡಂಬೆಲ್ ಅವರ ತರಗತಿಯ ಉಪಕರಣಗಳಾಗಿದ್ದವು. ಓರೆಯಾಗಿ ನಿಲ್ಲಿಸಿದ ಏಣಿಯನ್ನು ಹತ್ತಲು ಕೈ ಹಿಡಿಯಲೇಬೇಕು, ಕಣ್ಣು ಮುಂದಿನ ಮೆಟ್ಟಿಲನ್ನು ನೋಡಲೇಬೇಕು. ಕೈಯಲ್ಲಿ ಏನನ್ನೂ ಹಿಡಿಯದ ಮಗುವಿಗೆ ಹಿಡಿ ಎಂದು ಹೇಳುವುದಕ್ಕಿಂತ, ಹಿಡಿಯದೆ ಇರಲಾಗದಂಥ ಸನ್ನಿವೇಶವನ್ನು ಒದಗಿಸುವುದು ಮೇಲು ಎಂಬ ತಿಳಿವು ಇದರ ಹಿಂದಿದೆ.

ಗುಂಡಿ ಹಾಕುವುದು, ಲಾಡಿ ಕಟ್ಟುವುದು, ರಂಧ್ರಗಳಿಗೆ ಮೊಳೆ ಕೂರಿಸುವುದು ಕೈಯ ಪಾಠಗಳು. ಗೆರೆಗಳನ್ನು ಎಳೆಯುವುದರಿಂದ ಬರವಣಿಗೆ ಶುರುವಾಗುತ್ತಿತ್ತು. ಆಕೃತಿಗಳ ಹಲಗೆ ಬರುವುದು ಈ ಸರಣಿಯ ನಡುವೆ. ಚೌಕದ ಬಿಲ್ಲೆಯನ್ನು ವೃತ್ತದ ಕುಳಿಗೆ ಇಟ್ಟರೆ ಅದು ಕೂರುವುದಿಲ್ಲ. ಶಿಕ್ಷಕರು ತಪ್ಪು ಎಂದು ಹೇಳುವ ಮೊದಲೇ ಮಗುವಿನ ಬೆರಳಿಗೆ ಅದು ತಿಳಿಯುತ್ತದೆ. ಕಣ್ಣು ಮತ್ತು ಕೈ ಒಂದೇ ವಸ್ತುವನ್ನು ಒಟ್ಟಿಗೆ ವಿಚಾರಿಸುತ್ತವೆ. ಹೋಲಿಕೆ, ಭೇದ, ಆಯ್ಕೆ ಎಂಬ ಮೂರು ಮಾನಸಿಕ ಕ್ರಿಯೆಗಳು ಆ ಒಂದು ಹಲಗೆಯ ಮೇಲೆ ನಡೆಯುತ್ತವೆ.

ಹೆಸರು ಕಲಿಸುವುದಕ್ಕೂ ಅವರು ಒಂದು ಕ್ರಮ ಇಟ್ಟುಕೊಂಡಿದ್ದರು. ಮೊದಲ ಹಂತದಲ್ಲಿ ಶಿಕ್ಷಕರು ವಸ್ತುವನ್ನು ತೋರಿಸಿ ಹೆಸರು ಹೇಳುತ್ತಾರೆ. ಎರಡನೆಯ ಹಂತದಲ್ಲಿ ಶಿಕ್ಷಕರು ಹೆಸರು ಹೇಳಿದರೆ ಮಗು ವಸ್ತುವನ್ನು ಎತ್ತಿ ಕೊಡುತ್ತದೆ. ಮೂರನೆಯ ಹಂತದಲ್ಲಿ ಶಿಕ್ಷಕರು ವಸ್ತುವನ್ನು ತೋರಿಸಿದರೆ ಮಗು ಹೆಸರು ಹೇಳುತ್ತದೆ. ಮಾಂಟೆಸ್ಸರಿ ತರಬೇತಿ ಪಡೆದವರು ಇದನ್ನು ಮೂರು ಹಂತದ ಪಾಠ ಎಂದು ಗುರುತಿಸುತ್ತಾರೆ. ಇದರ ಮೂಲ ಸೆಗ್ವಿನ್. ನಮ್ಮ ಅಭ್ಯಾಸ ಬೋಧನೆಯ ಪಾಠಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಮೊದಲ ಹಂತದಿಂದ ಮೂರನೆಯದಕ್ಕೆ ಹಾರುವುದನ್ನು. ಶಿಕ್ಷಕರು ಹೇಳಿಕೊಟ್ಟ ಕೂಡಲೇ ಇದೇನು ಎಂದು ಕೇಳುತ್ತಾರೆ. ನಡುವಿನ ಹಂತದಲ್ಲಿ ಮಗು ಬಾಯಿ ಬಿಡಬೇಕಾಗಿಲ್ಲ, ಕೈಯಿಂದಲೇ ಉತ್ತರಿಸಬಹುದು. ಮಾತು ನಿಧಾನವಾಗಿರುವ ಮಗುವಿಗೆ ತನಗೆ ತಿಳಿದಿದೆ ಎಂದು ತೋರಿಸಲು ಇರುವ ಅವಕಾಶವೇ ಅದು.

1846ರಲ್ಲಿ ಸೆಗ್ವಿನ್ ತಮ್ಮ ಅನುಭವವನ್ನೆಲ್ಲ ಒಂದು ದೊಡ್ಡ ಗ್ರಂಥವಾಗಿ ಫ್ರೆಂಚ್‌ನಲ್ಲಿ ಪ್ರಕಟಿಸಿದರು. ಅದು ತರಗತಿಯಿಂದ ಬಂದ ಸಂಶೋಧನೆ. ಒಂದೊಂದು ಮಗುವನ್ನು ಗಮನಿಸಿ, ಏನು ಮಾಡಬಲ್ಲದು, ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟುಕೊಂಡು, ಆ ನಿಂತ ಜಾಗಕ್ಕೆ ಒಂದು ಅಭ್ಯಾಸವನ್ನು ರೂಪಿಸುವುದು ಅವರ ದಾರಿ. ಇಂದು ನಾವು ವೈಯಕ್ತಿಕ ಶಿಕ್ಷಣ ಯೋಜನೆ ಎಂದು ಕರೆಯುವುದರ ಮೂಲ ಗುಣ ಅಲ್ಲಿದೆ.

1848ರ ಕ್ರಾಂತಿಯ ನಂತರ ಫ್ರಾನ್ಸಿನ ರಾಜಕೀಯ ಹಿಡಿಸದೆ, 1850ರ ಸುಮಾರಿಗೆ ಅವರು ಕುಟುಂಬದೊಂದಿಗೆ ಅಮೆರಿಕಕ್ಕೆ ಹೋದರು. ಅಲ್ಲಿ ಇಂಥ ಮಕ್ಕಳ ಶಾಲೆಗಳು ಆಗಷ್ಟೇ ಹುಟ್ಟುತ್ತಿದ್ದವು. ಮ್ಯಾಸಚೂಸೆಟ್ಸ್‌ನಲ್ಲಿ ಸ್ಯಾಮ್ಯುಯೆಲ್ ಹೋವ್, ನ್ಯೂಯಾರ್ಕ್ ರಾಜ್ಯದಲ್ಲಿ ಹರ್ವಿ ವಿಲ್ಬರ್ ಮುಂದಾಳುಗಳು. ಸೆಗ್ವಿನ್ ಇವರ ಶಾಲೆಗಳಿಗೆ ಸಲಹೆ ಕೊಟ್ಟರು. ಪೆನ್ಸಿಲ್ವೇನಿಯಾದ ಶಾಲೆಯೊಂದನ್ನು ಸ್ವಲ್ಪ ಕಾಲ ನಡೆಸಿದರು. ಎಲ್ಲಿಯೂ ದೀರ್ಘಕಾಲ ನೆಲೆ ನಿಲ್ಲಲಿಲ್ಲ. ಓಹಿಯೋದಲ್ಲಿ ವೈದ್ಯವೃತ್ತಿ ಮಾಡಿದರು. 1861ರಲ್ಲಿ, 49ರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ವೈದ್ಯಕೀಯ ಪದವಿ ಪಡೆದರು. ಆ ನಗರದ ರಾಂಡಲ್ಸ್ ದ್ವೀಪದ ಸಂಸ್ಥೆಯಲ್ಲಿದ್ದ ಮಕ್ಕಳೊಂದಿಗೆ ಕೆಲಸ ಮಾಡಿದರು. 1866ರಲ್ಲಿ ಶಾರೀರಿಕ ವಿಧಾನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಹೊರಬಂತು. ಅದನ್ನು ಸಿದ್ಧಪಡಿಸಲು ನೆರವಾದವರು ಮುಂದೆ ನರರೋಗ ತಜ್ಞರೆಂದು ಹೆಸರಾದ ಅವರ ಮಗ.

ಈ ವರ್ಷಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ಶಿಕ್ಷಣದ ಪಠ್ಯಗಳು ಸಾಮಾನ್ಯವಾಗಿ ಹೇಳುವುದಿಲ್ಲ. ರೋಗಿಯ ಜ್ವರವನ್ನು ಥರ್ಮಾಮೀಟರಿನಿಂದ ಅಳೆದು ನಕ್ಷೆಯಲ್ಲಿ ಗುರುತಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಹರಡಲು ಅವರು ಶ್ರಮಿಸಿದರು. 1873ರಲ್ಲಿ ತಾಯಂದಿರು ಮತ್ತು ದಾದಿಯರು ಮನೆಯಲ್ಲೇ ಬಳಸಬಹುದಾದ ಕೈಪಿಡಿಯನ್ನು ಬರೆದರು. ಮೆಟ್ರಿಕ್ ಅಳತೆಯ ಪರವಾಗಿಯೂ ದುಡಿದರು. ಅಂದರೆ ಅಳತೆಯನ್ನು ಅವರು ವಿರೋಧಿಸಿದವರಲ್ಲ. ಆದರೆ ಥರ್ಮಾಮೀಟರ್ ನೋಡಿದ ತಾಯಿ ಅಂಕಿ ಬರೆದು ಸುಮ್ಮನೆ ಕೂರುವುದಿಲ್ಲ; ಒದ್ದೆ ಬಟ್ಟೆ ಹಾಕಬೇಕೋ, ವೈದ್ಯರನ್ನು ಕರೆಯಬೇಕೋ ಎಂದು ನಿರ್ಧರಿಸುತ್ತಾಳೆ. ಅಳತೆಯ ಉಪಯೋಗ ಮುಂದಿನ ಹೆಜ್ಜೆಯನ್ನು ತಿಳಿಸುವುದು. ಸೆಗ್ವಿನ್ ಅವರ ವೈದ್ಯಕೀಯವೂ ಬೋಧನೆಯೂ ಕೂಡುವುದು ಈ ಜಾಗದಲ್ಲಿ ಎಂದು ನಾನು ತಿಳಿದಿದ್ದೇನೆ.

1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಅಮೆರಿಕದ ಪ್ರತಿನಿಧಿಯಾಗಿ ಹೋಗಿ ಶಿಕ್ಷಣದ ಬಗ್ಗೆ ವರದಿ ಬರೆದರು. ಸಾಮಾನ್ಯ ಮಕ್ಕಳ ಶಾಲೆಗೂ ತಮ್ಮ ವಿಧಾನ ಬೇಕು ಎಂಬುದು ಅವರ ವಾದವಾಗಿತ್ತು. 1876ರಲ್ಲಿ ಇಂಥ ಸಂಸ್ಥೆಗಳ ವೈದ್ಯಾಧಿಕಾರಿಗಳ ಸಂಘ ಪೆನ್ಸಿಲ್ವೇನಿಯಾದಲ್ಲಿ ಸ್ಥಾಪನೆಯಾದಾಗ ಅವರೇ ಮೊದಲ ಅಧ್ಯಕ್ಷರು. ಕೊನೆಯ ವರ್ಷಗಳಲ್ಲೂ ತರಗತಿಯನ್ನು ಬಿಡಲಿಲ್ಲ. 1879ರ ಅವರ ಒಂದು ಪ್ರಬಂಧ ಒಂದು ಮಗುವಿನ ಕೈಯ ತರಬೇತಿಯನ್ನು ಮಾತ್ರ ಕುರಿತದ್ದು. ಸಂಘದ ಅಧ್ಯಕ್ಷರಾಗಿದ್ದವರು 67ರ ವಯಸ್ಸಿನಲ್ಲಿ ಒಂದು ಕೈಯ ಬಗ್ಗೆ ಬರೆದರು ಎಂಬುದನ್ನು ನಾನು ತರಗತಿಯಲ್ಲಿ ಮರೆಯದೆ ಹೇಳುತ್ತೇನೆ. ನ್ಯೂಯಾರ್ಕ್‌ನಲ್ಲಿ ಒಂದು ಚಿಕ್ಕ ಶಾಲೆಯನ್ನೂ ತೆರೆದರು. 1880ರ ಅಕ್ಟೋಬರ್ 28ರಂದು ತೀರಿಕೊಂಡರು. ಶಾಲೆಯನ್ನು ಪತ್ನಿ ಮುಂದುವರಿಸಿದರು.

ಅವರ ನಂತರ ಅವರ ಉಪಕರಣಗಳು ಎರಡು ದಾರಿ ಹಿಡಿದವು.

ಒಂದು ದಾರಿ ರೋಮ್‌ಗೆ ಹೋಯಿತು. ಯುವ ವೈದ್ಯೆ ಮರಿಯಾ ಮಾಂಟೆಸ್ಸರಿ ಬೌದ್ಧಿಕ ಅಸಾಮರ್ಥ್ಯದ ಮಕ್ಕಳಿಗೆ ಕಲಿಸುವ ದಾರಿ ಹುಡುಕುತ್ತ ಬಿಸೆತ್ರ್‌ಗೆ ಹೋದಾಗ, ಅಲ್ಲಿ ಸೆಗ್ವಿನ್ ಅವರ ಉಪಕರಣಗಳು ಬಳಕೆಯಲ್ಲಿದ್ದವು, ಅವರ ವಿಧಾನ ಮಾತ್ರ ಇರಲಿಲ್ಲ. ಶಿಕ್ಷಕರ ಕೈಯಲ್ಲಿ ಪುಸ್ತಕವೂ ಇತ್ತು, ಆದರೂ ಪಾಠ ಯಾಂತ್ರಿಕವಾಗಿತ್ತು ಎಂದು ಆಕೆ ದಾಖಲಿಸಿದ್ದಾರೆ. ಆಕೆ ಇಟಾರ್ಡ್ ಮತ್ತು ಸೆಗ್ವಿನ್ ಅವರ ಬರಹಗಳನ್ನು ಆರಂಭದಿಂದ ಕೊನೆಯವರೆಗೆ ಇಟಾಲಿಯನ್‌ಗೆ ಅನುವಾದಿಸಿ ಕೈಯಾರೆ ಬರೆದುಕೊಂಡರು. ಸೆಗ್ವಿನ್ ಅವರ ಫ್ರೆಂಚ್ ಗ್ರಂಥವೊಂದೇ 600ಕ್ಕೂ ಹೆಚ್ಚು ಪುಟ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆನ್ಸೊ ಬಡಾವಣೆಯಲ್ಲಿ ತೆರೆದ ಮಕ್ಕಳ ಮನೆಗೆ ಆ ಓದಿನ ಫಲ ಬಂತು. ಗುಂಡಿ ಚೌಕಟ್ಟು, ಆಕೃತಿಗಳ ಕೂರಿಕೆ, ಮೂರು ಹಂತದ ಪಾಠ ಅಲ್ಲಿಂದ ಲೋಕವೆಲ್ಲ ಸುತ್ತಿದವು. 1939ರಲ್ಲಿ ಮಾಂಟೆಸ್ಸರಿ ಮದರಾಸಿನ ಅಡ್ಯಾರ್‌ಗೆ ಬಂದು ತರಬೇತಿ ಆರಂಭಿಸಿದರು. ಮಾಂಟೆಸ್ಸರಿ ಶಾಲೆಗಳಲ್ಲಿ ಹನ್ನೊಂದರಿಂದ ಮುಂದಿನ ಸಂಖ್ಯೆಗಳನ್ನು ಕಲಿಸುವ ಹಲಗೆಗೆ ಇಂದಿಗೂ ಸೆಗ್ವಿನ್ ಹೆಸರೇ ಇದೆ.

ಇನ್ನೊಂದು ದಾರಿ ಅಮೆರಿಕದ ಪ್ರಯೋಗಾಲಯಕ್ಕೆ. 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ನೇವೋಮಿ ನಾರ್ಸ್ವರ್ದಿ, ಹೆನ್ರಿ ಗೊಡ್ಡಾರ್ಡ್ ಮುಂತಾದ ಮನೋವಿಜ್ಞಾನಿಗಳು ಆಕೃತಿ ಹಲಗೆಯನ್ನು ಕಾಲ ಹಿಡಿದು ಮಾಡಿಸುವ ಪರೀಕ್ಷೆಯಾಗಿ ಮಾರ್ಪಡಿಸಿದರು. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ತರಬೇತಿ ಶಾಲೆಯಲ್ಲಿದ್ದ ಗೊಡ್ಡಾರ್ಡ್, ಪರೀಕ್ಷೆಗಳಿಂದ ಜನರನ್ನು ವರ್ಗಗಳಾಗಿ ವಿಂಗಡಿಸಿ, ಕೆಳಗಿನ ವರ್ಗದವರನ್ನು ಸಮಾಜದಿಂದ ಬೇರೆ ಇಡಬೇಕೆಂದು ವಾದಿಸಿದವರು. ತರಬೇತಿ ಕೊಟ್ಟು ಮನೆಗೆ ಕಳಿಸಲೆಂದು ಹುಟ್ಟಿದ ಸಂಸ್ಥೆಗಳು ಜೀವನಪೂರ್ತಿ ಕೂಡಿಡುವ ಜಾಗಗಳಾದ ಕಾಲ ಅದು. ಒಂದೇ ಹಲಗೆ ಒಂದು ಕಡೆ ಮಗುವಿಗೆ ಬಾಗಿಲು ತೆರೆಯಿತು, ಇನ್ನೊಂದು ಕಡೆ ಬಾಗಿಲು ಮುಚ್ಚಲು ನೆರವಾಯಿತು.

ನಮ್ಮಲ್ಲಿಗೆ ಹಲಗೆ ಬಂದದ್ದು ಪರೀಕ್ಷೆಯ ದಾರಿಯಿಂದ. 1971ರಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪತ್ರಿಕೆಯಲ್ಲಿ ಭಾರತೀಯ ಮಕ್ಕಳಿಗೆ ಹೊಂದುವ ಮಾನಕಗಳು ಪ್ರಕಟವಾದವು. ಅದು ಅಗತ್ಯವಾಗಿದ್ದ ಕೆಲಸ. ಮಾತು ಬಾರದ, ಶಾಲೆ ಕಾಣದ ಮಗುವಿನ ಬಗ್ಗೆಯೂ ಏನಾದರೂ ತಿಳಿಯಲು ಭಾಷೆ ಬೇಡದ ಈ ಹಲಗೆಯಿಂದ ಸಾಧ್ಯ. ಪರದೇಶದ ಮಕ್ಕಳ ಅಳತೆಗೋಲಿನಿಂದ ನಮ್ಮ ಮಕ್ಕಳನ್ನು ನೋಡಿದರೆ ಅನ್ಯಾಯವಾಗುತ್ತದೆ. ಸೂಕ್ತ ಸೌಲಭ್ಯ ಪಡೆಯಲು ಮೌಲ್ಯಮಾಪನವೂ ಬೇಕು. ನನ್ನ ಮಾತು ಪರೀಕ್ಷೆ ಬೇಡ ಎಂದಲ್ಲ. ಪರೀಕ್ಷೆ ಮುಗಿದ ಮೇಲೆ ಹಲಗೆ ಬೀರುವಿಗೆ ಹೋಗುತ್ತದೆ, ಮಗು ತರಗತಿಗೆ ಹೋಗುತ್ತದೆ, ಎರಡೂ ಮತ್ತೆ ಸೇರುವುದಿಲ್ಲ. ನನ್ನ ಚಿಂತೆ ಅದು.

ಸೆಗ್ವಿನ್ ಹೇಳಿದ್ದೆಲ್ಲವನ್ನೂ ಇಂದು ಒಪ್ಪಬೇಕಾಗಿಲ್ಲ. ಶಿಕ್ಷಕರ ಅಧಿಕಾರ ಮತ್ತು ಆಜ್ಞೆಗೆ ಅವರು ಕೊಟ್ಟ ತೂಕ ಹೆಚ್ಚು. ತಮ್ಮ ವಿಧಾನದ ಫಲದ ಬಗ್ಗೆ ಅವರ ನಿರೀಕ್ಷೆ ದೊಡ್ಡದಾಗಿತ್ತು. ಆ ಮಕ್ಕಳಿಗೆ ಅವರ ಕಾಲ ಬಳಸುತ್ತಿದ್ದ ಪದ ಇಂದು ಬೈಗುಳ. ನಮ್ಮ ಸಮನ್ವಯ ಶಿಕ್ಷಣದ ಗುರಿ, ಅಂದರೆ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯುವುದು, ಅವರು ನಡೆಸಿದ ಪ್ರತ್ಯೇಕ ಶಾಲೆಗಳಿಂದ ಮುಂದೆ ಸಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಅದನ್ನೇ ಹೇಳುತ್ತದೆ. ಉಳಿಯಬೇಕಾದದ್ದು ಅವರ ಕೆಲಸದ ಕ್ರಮ: ಮೊದಲು ಮಗು, ಆಮೇಲೆ ಮಗು ನಿಂತ ಜಾಗ, ಆಮೇಲೆ ಉಪಕರಣ.

ನಮ್ಮ ಪಾಠ ಟಿಪ್ಪಣಿಗಳಲ್ಲಿ ಈ ಕ್ರಮ ಬಹಳ ಸಲ ತಲೆಕೆಳಗಾಗಿರುತ್ತದೆ. ಚಾರ್ಟ್, ಮಾದರಿ, ಮಿಂಚುಪಟ್ಟಿ ಮೊದಲು ಸಿದ್ಧವಾಗುತ್ತವೆ. ಯಾವ ಮಗುವಿನ ಯಾವ ತೊಡಕಿಗೆ ಎಂಬ ಪ್ರಶ್ನೆ ಆಮೇಲೂ ಬರುವುದಿಲ್ಲ. ಒಮ್ಮೆ ಅಭ್ಯಾಸ ಬೋಧನೆಯಲ್ಲಿ, ಎರಡನೇ ತರಗತಿಯ ಹುಡುಗನೊಬ್ಬ ಪ, ವ, ಷ ಅಕ್ಷರಗಳನ್ನು ಕಲಸಿಬಿಡುವುದನ್ನು ಒಬ್ಬ ಪ್ರಶಿಕ್ಷಣಾರ್ಥಿನಿ ಗಮನಿಸಿದಳು. ಉಪ್ಪುಕಾಗದದಲ್ಲಿ ಮೂರು ಅಕ್ಷರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದಳು. ಮೊದಲು ಪ ಮತ್ತು ವ ಮಾತ್ರ ಕೊಟ್ಟು ಬೆರಳಾಡಿಸಲು ಹೇಳಿದಳು. ಎತ್ತಿ ಕೊಡು ಎಂಬ ಎರಡನೆಯ ಹಂತದಲ್ಲೇ ಮೂರು ದಿನ ಕಳೆದಳು. ಅವಳ ಅವಧಿ ಮುಗಿಯುವ ಹೊತ್ತಿಗೆ ಅವನಿಗೆ ಪ ಮತ್ತು ವ ಬೇರೆಯಾಗಿದ್ದವು, ಷ ಇನ್ನೂ ಆಗಿರಲಿಲ್ಲ. ಅವಳು ಅದನ್ನು ಹಾಗೆಯೇ ಬರೆದು, ಆ ತರಗತಿಯ ಶಿಕ್ಷಕಿಗೆ ರಟ್ಟುಗಳನ್ನೂ ಟಿಪ್ಪಣಿಯನ್ನೂ ಕೊಟ್ಟು ಬಂದಳು. ಆ ಉಪಕರಣಕ್ಕೆ ಖರ್ಚಾದದ್ದು ಕೆಲವೇ ರೂಪಾಯಿ. ಅವಳ ಪಾಠ ನನಗೆ ಸೆಗ್ವಿನ್ ಅವರ ತರಗತಿಗೆ ಹತ್ತಿರ ಎನಿಸಿತು.

ಅದಾದ ಮೇಲೆ ನಾನು ಪ್ರಯೋಗ ಪುಸ್ತಕದಲ್ಲಿ ಒಂದು ಸಣ್ಣ ಸೇರ್ಪಡೆ ಮಾಡಿಸುತ್ತೇನೆ. ಸೆಗ್ವಿನ್ ಹಲಗೆಯ ಪ್ರಯೋಗದಲ್ಲಿ ಸೆಕೆಂಡುಗಳ ಕೆಳಗೆ ಎರಡು ಸಾಲು ಬರೆಯಬೇಕು. ಮಗು ಯಾವ ಬಿಲ್ಲೆಯ ಬಳಿ ತಡೆಯಿತು, ಹೇಗೆ ಸರಿಪಡಿಸಿಕೊಂಡಿತು ಎಂಬುದು ಒಂದು. ನಾಳೆ ಈ ಮಗುವಿಗೆ ಏನು ಮಾಡಿಸುತ್ತೀರಿ ಎಂಬುದು ಇನ್ನೊಂದು. ಸೆಕೆಂಡುಗಳನ್ನು ಎಲ್ಲರೂ ತಪ್ಪಿಲ್ಲದೆ ಬರೆಯುತ್ತಾರೆ. ಎರಡನೆಯ ಸಾಲಿನ ಮುಂದೆ ಪೆನ್ನು ನಿಲ್ಲುತ್ತದೆ. ಅಲ್ಲಿ ನಿಂತ ಪ್ರಶಿಕ್ಷಣಾರ್ಥಿಯನ್ನು ಅವಸರ ಮಾಡದೆ, ಬೇಕಿದ್ದರೆ ಮತ್ತೊಮ್ಮೆ ಮಗುವಿನ ಬಳಿಗೆ ಕಳಿಸುವುದು ತರಬೇತುದಾರರಾದ ನಮ್ಮ ಕೆಲಸ.